ಮಿಷನ್ನಿಗೆ ಮೊದಲು ಬೇಕಾದ್ದು ಶಕ್ತಿಯಾ, ಹರಿತವಾ?

ತಂಬುಳಿ, ಉಪ್ಪಿನಕಾಯಿ ಬರೆಯೋಳು ಈ ಸಲ ಮರ ಕೊಯ್ಯೋ ಮಿಷನ್ ಹಿಡ್ಕೊಂಡು ಕೂತಿದ್ದಾಳೆ ಅಂತ ನಗಬೇಡಿ. ಗಾಳಿಗೆ ಬಿದ್ದ ಅಡಿಕೆ ಮರ ತುಂಡು ಮಾಡೋಕೆ, ಬಚ್ಚಲ ಒಲೆಗೆ ಕಟ್ಟಿಗೆ ಮಾಡೋಕೆ ಈಗ ನಮ್ಮ ಕಡೆ ಸುಮಾರು ಮನೆಗಳಲ್ಲಿ ಒಂದು ಚೈನ್‌ಸಾ ಇದ್ದೇ ಇದೆ. ಮನೆಯಲ್ಲಿರೋ ವಸ್ತು ಅಂದ ಮೇಲೆ ಅದು ನಮ್ಮ ವಿಷಯವೂ ಹೌದು.

ಹೋದ ಬೇಸಿಗೆಯಲ್ಲಿ ಮಿಷನ್ನು ಮರ ಕೊಯ್ಯೋಕೆ ತಿಣುಕಾಡ್ತಿತ್ತು. ನಮ್ಮನೆ ಮಾಣಿ ಮೊಬೈಲಿನಲ್ಲಿ ಏನೋ ನೋಡಿ, ಸೈಲೆನ್ಸರ್ ಬಿಚ್ಚಿ, ಅದಕ್ಕೆ ಡ್ರಿಲ್ಲಿನಲ್ಲಿ ಎರಡು ತೂತು ಹೊಡೆದ. ಒಳಗಿನ ಜಾಲರಿಯನ್ನೂ ಕಿತ್ತೆಸೆದ. ಚಾಲು ಮಾಡಿದ ಕೂಡಲೇ ಮನೆ ಹೆಂಚೆಲ್ಲ ಅದುರಿದ ಹಾಗಾಯ್ತು.

"ಅಮಾ, ಈಗ ನೋಡು, ಹ್ಯಾಂಗೆ ಓಡ್ತು!"

"ಓಡ್ತು ಖರೆ. ದನಿ ಎಂತಕ್ಕೆ ಕೀರಲು ಬತ್ತು?"

"ನಿಂಗೆ ಗೊತ್ತಾಗ್ತಿಲ್ಲೆ, ಸುಮ್ನಿರು."

ಸುಮ್ಮನಾದೆ. ಅದೇ ನನ್ನ ತಪ್ಪು. ಕುಕ್ಕರಿನ ದನಿಯಲ್ಲೇ ಒಳಗೆ ನೀರು ಕಮ್ಮಿ ಅಂತ ತಿಳಿಯೋರು ನಾವು. ಹದಿನೈದು ದಿನಕ್ಕೆ ಮಿಷನ್ನು ಮರದ ನಡುವೆಯೇ ಗಕ್ಕಂತ ನಿಂತಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಪೇಟೆಯ ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ಪಿಸ್ಟನ್ನಿನ ಮೈಮೇಲೆ ಸೈಲೆನ್ಸರ್ ಇರೋ ಬದಿಗೆ ಉದ್ದುದ್ದ ಗೆರೆ. ಮಜೂರಿ ಸೇರಿ ₹2,800 ಆಯ್ತು.

ಅವನು ಬಿಡಿಸಿ ಹೇಳಿದ್ದನ್ನ ನನ್ನ ಮಾತಲ್ಲೇ ಹೇಳ್ತೇನೆ. ಸೈಲೆನ್ಸರಿನ ಬಾಯಿ ದೊಡ್ಡದು ಮಾಡಿದರೆ ಹೊಗೆ ಸಲೀಸಾಗಿ ಹೋಗಿ ಶಕ್ತಿ ಬರೋದು ಸುಳ್ಳಲ್ಲ. ಆದರೆ ಆಗ ಇಂಜಿನ್ನು ಗಾಳಿ ಹೆಚ್ಚು ಎಳ್ಕೊಳ್ತದೆ, ಪೆಟ್ರೋಲ್ ಸಾಲದೆ ಬರ್ತದೆ. ಈ ಮಿಷನ್ನಿನ ಇಂಜಿನ್ನಿಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೆ ಜಾರಿಕೆ. ಪೆಟ್ರೋಲ್ ಕಮ್ಮಿಯಾದರೆ ಆಯಿಲ್ಲೂ ಕಮ್ಮಿ, ಕಾವು ಜಾಸ್ತಿ. ಎಣ್ಣೆ ಹಾಕದ ಕಾವಲಿಗೆ ದೋಸೆ ಹಿಡಿದ ಹಾಗೆ ಪಿಸ್ಟನ್ನು ಹಿಡೀತದೆ. ತೂತು ಹೊಡೆದ ಮೇಲೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸಲೇಬೇಕಿತ್ತು. ಮಾಣಿ ಅರ್ಧ ಕೆಲಸ ಮಾಡಿದ್ದ. ನಾನು ಕೇಳಿದ ಕೀರಲು ದನಿ ಅದೇ.

ಹೊಟ್ಟೆ ಉರಿದದ್ದು ಇದಕ್ಕಲ್ಲ. ಮೆಕ್ಯಾನಿಕ್ ಚೈನಿನ ಮೇಲೆ ಬೆರಳಾಡಿಸಿ, "ಅಮ್ಮಾ, ಹಲ್ಲೇ ಮೊಂಡಾಗಿದೆ, ಇಂಜಿನ್ ಏನು ಮಾಡ್ತದೆ?" ಅಂದ. ಅಂಗಳ ಗುಡಿಸೋಳು ನಾನು. ಮೊದಲೆಲ್ಲ ಮಿಷನ್ನಿನಿಂದ ಅವಲಕ್ಕಿ ಹಾಗೆ ಚಕ್ಕೆ ಬೀಳ್ತಿತ್ತು, ಆ ವರ್ಷ ರಾಗಿ ಹಿಟ್ಟಿನ ಹಾಗೆ ಪುಡಿ ಬೀಳ್ತಿತ್ತು. ಕಂಡಿದ್ದೆ, ಹೇಳಿರಲಿಲ್ಲ. ಹರಿತ ಇದ್ದ ಚೈನು ಚಕ್ಕೆ ಬಿಡ್ತದೆ, ಮೊಂಡಾದದ್ದು ಪುಡಿ ಮಾಡ್ತದೆ. ದುಂಡನೆ ಅರ ಒಂದಕ್ಕೆ ನೂರೈವತ್ತು ರೂಪಾಯಿ. ಮೊಂಡು ಮೆಟ್ಟುಗತ್ತಿಯಲ್ಲಿ ಹಲಸಿನಕಾಯಿ ಹೆಚ್ಚೋಕೆ ಆಗದಿದ್ದರೆ ನಾವು ಕತ್ತಿ ಮಸೀತೇವೆ, ತೋಳಿನ ಬಲ ಹೆಚ್ಚಿಸೋಕೆ ಹೋಗೋದಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಚೈನಿಗೆ ಅರ ಹಾಕಿ, ಗಾಳಿ ಫಿಲ್ಟರ್ ತೊಳೆದು, ಸೈಲೆನ್ಸರಿನ ಜಾಲರಿಗೆ ಹಿಡಿದ ಮಸಿ ಉಜ್ಜಿ, ಕಂಪನಿ ಹೇಳಿದ ಅಳತೆಯಲ್ಲೇ ಆಯಿಲ್ ಬೆರೆಸಿ ನೋಡೋವರೆಗೆ ಯಾರೂ ಇಂಜಿನ್ನಿಗೆ ಕೈ ಹಾಕಬಾರದು. ಆಮೇಲೂ ಸಾಲದಿದ್ದರೆ, ಪೂರ್ತಿ ಗೊತ್ತಿರೋರ ಹತ್ತಿರ ಮಾಡಿಸಲಿ, ಬೇಡ ಅನ್ನೋದಿಲ್ಲ.

ಜಾಲರಿ ಮಾತ್ರ ಯಾವ ಕಾರಣಕ್ಕೂ ತೆಗೀಬಾರದು. ಕಿಡಿ ಹೊರಗೆ ಹಾರದ ಹಾಗೆ ತಡೆಯೋದು ಅದು. ಬೇಸಿಗೆಯಲ್ಲಿ ಬೆಟ್ಟದ ತುಂಬ ಒಣ ದರಕು ಇರ್ತದೆ. ಒಂದು ಕಿಡಿ ಸಾಕು.

ಇನ್ನು ಕಿವಿ. 85 ಡೆಸಿಬಲ್ ದಾಟಿದ ಸದ್ದಿನಲ್ಲಿ ದಿನವಿಡೀ ಇದ್ದರೆ ಕಿವಿಗೆ ಹಾನಿ ಅಂತಾರೆ. ಚೈನ್‌ಸಾ ಸೈಲೆನ್ಸರ್ ಸರಿ ಇದ್ದಾಗಲೇ ನೂರು ದಾಟ್ತದೆ. ಆ ಹದಿನೈದು ದಿನ ಸಂಜೆ ಊಟಕ್ಕೆ ಕರೆದರೆ ಮಾಣಿಗೆ ಕೇಳ್ತಿರಲಿಲ್ಲ. ಸಿಟ್ಟು ಮಾಡ್ಕೊಂಡಿದ್ದಾನೆ ಅಂದ್ಕೊಂಡಿದ್ದೆ. ಪಿಸ್ಟನ್ ಪೇಟೆಯಲ್ಲಿ ಸಿಗ್ತದೆ, ಹೋದ ಕಿವಿ ಸಿಗೋದಿಲ್ಲ.

ಹಾಗಾಗಿ "ನಿಂಗೆ ಗೊತ್ತಾಗ್ತಿಲ್ಲೆ" ಅಂದರೂ ಕೇಳಿ. ಹಲ್ಲು ಮಸೆದಾಯ್ತಾ, ಜಾಲರಿ ಇದ್ದಾ, ಕಿವಿಗೆ ಎಂತ ಹಾಕ್ಕಂಡೆ ಅಂತ. ನಮ್ಮನೆ ಮಾಣಿ ಈಗ ಪ್ರತಿ ಸಲ ಕಟ್ಟಿಗೆ ಕೊಯ್ಯೋ ಮೊದಲು ಜಗಲಿ ಮೇಲೆ ಕೂತು ಚೈನಿಗೆ ಅರ ಹಾಕ್ತಾನೆ. ನಾನು ಗುಡಿಸುವಾಗ ಚಕ್ಕೆಯಾ ಪುಡಿಯಾ ಅಂತ ನೋಡಿ ಅವನಿಗೆ ಹೇಳ್ತೇನೆ.