13 ಪಂದ್ಯಗಳ ಸೀಸನ್: ಬೆಂಗಳೂರು ಎಫ್‌ಸಿ ಅಭಿಮಾನಿ ಈ ಸಲ ಯಾವ ಲೆಕ್ಕ ಇಡಬೇಕು?

2026ರ ಫೆಬ್ರವರಿ 14ರ ಶನಿವಾರ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೊನೆಗೂ ಶುರುವಾಯಿತು. ಹೋದ ಸೀಸನ್ 2024ರ ಸೆಪ್ಟೆಂಬರ್ 13ಕ್ಕೇ ಆರಂಭವಾಗಿತ್ತು. ಆ ಲೆಕ್ಕದಲ್ಲಿ ಈ ಸಲ ಐದು ತಿಂಗಳು ತಡ. ಆ ಐದು ತಿಂಗಳಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಗೋಲಿನ ಸುದ್ದಿಗಿಂತ ಕೋರ್ಟು, ಟೆಂಡರು, ಸಂಬಳದ ಸುದ್ದಿಯನ್ನೇ ಹೆಚ್ಚು ಓದಿದ್ದಾರೆ.

ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ಈ ತಂಡದ ಪಂದ್ಯ ಅಂದರೆ ಡ್ಯೂಟಿ ಮುಗಿಸಿ ರೂಮಿಗೆ ಬರುವ ಹೊತ್ತಿನ ಆಟ. ಊರಿನ ರಾತ್ರಿ ಏಳೂವರೆ ಅಂದರೆ ದುಬೈ, ಮಸ್ಕತ್‌ನಲ್ಲಿ ಸಂಜೆ ಆರು. ದೋಹಾ, ಕುವೈತ್, ರಿಯಾದ್‌ನಲ್ಲಿ ಐದು. ಅರ್ಧ ಆಟ ಕಂಪನಿ ಬಸ್ಸಿನಲ್ಲಿ ಮೊಬೈಲ್ ಮೇಲೆ, ಇನ್ನರ್ಧ ಅಡುಗೆ ಮಾಡುತ್ತಾ ನೋಡುವವರೇ ಹೆಚ್ಚು. ಈ ಸಲ ಲೀಗ್ ಶುರುವಾದ ಕೆಲವೇ ದಿನಕ್ಕೆ ರಂಜಾನ್ ಕೂಡ ಆರಂಭ. ಹಾಗಾಗಿ ಮೊದಲ ತಿಂಗಳ ಪಂದ್ಯಗಳು ಅನೇಕರಿಗೆ ಇಫ್ತಾರ್ ಹೊತ್ತಿಗೇ ಬೀಳುತ್ತವೆ. ಆದರೂ ನೋಡುವವರು ನೋಡೇ ನೋಡುತ್ತಾರೆ. ಪ್ರಶ್ನೆ ಇರೋದು, ನೋಡುವಾಗ ಏನು ನಿರೀಕ್ಷೆ ಇಟ್ಟುಕೊಳ್ಳಬೇಕು ಅನ್ನೋದರಲ್ಲಿ.

ಫೈನಲ್‌ನಿಂದ ಬೀಗದ ಬಾಗಿಲಿಗೆ

ಹಿಂದಿನ ಸೀಸನ್ನನ್ನು ಒಮ್ಮೆ ನೆನಪಿಸಿಕೊಳ್ಳೋಣ. 2023-24ರಲ್ಲಿ 22 ಪಂದ್ಯಕ್ಕೆ 22 ಪಾಯಿಂಟ್ ಗಳಿಸಿ ಹತ್ತನೇ ಸ್ಥಾನಕ್ಕೆ ಕುಸಿದಿದ್ದ ತಂಡ, 2024-25ರಲ್ಲಿ 24 ಪಂದ್ಯಕ್ಕೆ 38 ಪಾಯಿಂಟ್ ತೆಗೆದು ಮೂರನೇ ಸ್ಥಾನಕ್ಕೆ ಬಂತು. ಕಂಠೀರವದಲ್ಲಿ ನಡೆದ ನಾಕೌಟ್ ಪಂದ್ಯದಲ್ಲಿ ಮುಂಬೈ ಸಿಟಿಯನ್ನು 5-0ಯಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ, ಎರಡನೇ ಪಂದ್ಯದ ಕೊನೆ ಗಳಿಗೆಯಲ್ಲಿ ಸುನಿಲ್ ಛೆಟ್ರಿ ತಲೆಯಿಂದ ಹೊಡೆದ ಗೋಲು ತಂಡವನ್ನು ಫೈನಲ್‌ಗೆ ಮುಟ್ಟಿಸಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲು ಮುಂದಿದ್ದದ್ದು ಬೆಂಗಳೂರೇ. ಆಮೇಲೆ ಪೆನಾಲ್ಟಿಯಲ್ಲಿ ಸಮ ಆಯಿತು, ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ಕ್ಕೆ ಸೋಲಾಯಿತು. ಬೇಜಾರಿದ್ದರೂ ಮುಂದಿನ ವರ್ಷ ನಮ್ಮದೇ ಅನ್ನೋ ಧೈರ್ಯ ಇತ್ತು.

ಆ ಮುಂದಿನ ವರ್ಷಕ್ಕೇ ಕಲ್ಲು ಬಿತ್ತು. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಬಿಟ್ಟುಕೊಟ್ಟಿತ್ತು. ಆ ಹಕ್ಕಿನ ಮೇಲೆ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ಫೆಡರೇಷನ್‌ಗೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡುತ್ತಿತ್ತು. ಒಪ್ಪಂದದ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಸೀಸನ್ನಿನ ನಡುವೆ ಒಪ್ಪಂದ ಮುಗಿದರೆ ಉಳಿದ ತಿಂಗಳ ಲೆಕ್ಕ ಯಾರದ್ದು? ಈ ಪ್ರಶ್ನೆಗೆ ಉತ್ತರ ಇಲ್ಲದ್ದರಿಂದ ಜುಲೈನಲ್ಲಿ ಕಂಪನಿ ಲೀಗನ್ನೇ ತಡೆಹಿಡಿಯಿತು. ಅತ್ತ ಫೆಡರೇಷನ್ ಸಂವಿಧಾನದ ವಿಚಾರ ವರ್ಷಗಳಿಂದ ಸುಪ್ರೀಂ ಕೋರ್ಟ್ ಮುಂದಿತ್ತು. ತೀರ್ಪು ಬಂದದ್ದು ಸೆಪ್ಟೆಂಬರ್ 19ಕ್ಕೆ. ಆಮೇಲೆ ಹೊಸ ಟೆಂಡರ್ ಕರೆದರು. ವರ್ಷಕ್ಕೆ ಕನಿಷ್ಠ 37.5 ಕೋಟಿ ಕೊಡಬೇಕು ಅನ್ನೋ ಷರತ್ತಿತ್ತು. ನವೆಂಬರ್‌ನಲ್ಲಿ ಗಡುವು ಮುಗಿದಾಗ ಬಂದ ಬಿಡ್‌ಗಳ ಸಂಖ್ಯೆ ಸೊನ್ನೆ.

ಒಂದು ಅಂಗಡಿಯನ್ನು ಹದಿನೈದು ವರ್ಷ ವರ್ಷಕ್ಕೆ 50 ಕೋಟಿ ಬಾಡಿಗೆಗೆ ಕೊಟ್ಟವರು, ಹೊಸ ಬಾಡಿಗೆದಾರರನ್ನು ಹುಡುಕಲು ಕೊನೆ ತಿಂಗಳವರೆಗೆ ಕಾದರೆ ಏನಾಗತ್ತೋ ಅದೇ ಇಲ್ಲೂ ಆಯಿತು. ಒಪ್ಪಂದ ಮುಗಿಯುವ ತಾರೀಖು ಸಹಿ ಹಾಕಿದ ದಿನವೇ ಗೊತ್ತಿತ್ತು. ವೀಸಾ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೇ ಬದುಕುವ ಗಲ್ಫ್ ಕೆಲಸಗಾರನಿಗೆ ಈ ತಪ್ಪು ಎಷ್ಟು ದೊಡ್ಡದು ಅಂತ ಯಾರೂ ವಿವರಿಸಬೇಕಿಲ್ಲ.

ಸಂಬಳ ನಿಂತ ಆಗಸ್ಟ್

2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು. ಲೀಗ್ ಭವಿಷ್ಯ ಸ್ಪಷ್ಟವಿಲ್ಲದ ಕಾರಣ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ ಅನ್ನೋದು ಅದರ ಸಾರ. ಯುವ ತಂಡಗಳು ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳ ಕೆಲಸ ನಿಲ್ಲಲ್ಲ ಅಂತಲೂ ಅದರಲ್ಲಿತ್ತು.

ಈ ಸುದ್ದಿ ಓದಿದಾಗ ಬೆಂಗಳೂರಿನ ಅಭಿಮಾನಿಗೆ ಸಿಟ್ಟು ಬಂದಿರಬಹುದು. ಗಲ್ಫ್ ಅಭಿಮಾನಿಗೆ ಬಂದದ್ದು ಬೇರೆ ನೆನಪು. ಸಂಬಳ ಯಾವಾಗ ಅಂತ ಕೇಳಿದರೆ ಮುಂದಿನ ವಾರ ಅನ್ನುವ ಸೂಪರ್‌ವೈಸರ್, ಮೆಸ್ಸಿಗೆ ಕಟ್ಟಬೇಕಾದ ದುಡ್ಡು, ಊರಿನಲ್ಲಿ ಮಗನ ಶಾಲೆ ಫೀಸು, ಸೊಸೈಟಿ ಸಾಲದ ಕಂತು, ಎಲ್ಲ ಒಟ್ಟಿಗೆ ನೆನಪಾದವು. ಫುಟ್‌ಬಾಲ್ ಆಟಗಾರರೆಲ್ಲ ಕೋಟ್ಯಧೀಶರು ಅನ್ನೋದು ಕೂಡ ತಪ್ಪು ಲೆಕ್ಕ. ಮೇಲಿನ ಹತ್ತು ಹದಿನೈದು ಹೆಸರುಗಳಿಗೆ ಅದು ಸರಿ. ಆದರೆ ಸಿಬ್ಬಂದಿ ಅಂದರೆ ಫಿಸಿಯೋ, ಕಿಟ್ ನೋಡಿಕೊಳ್ಳುವವರು, ಕಚೇರಿಯ ಹುಡುಗರು ಕೂಡ. ಅವರ ಮನೆಯಲ್ಲೂ ತಿಂಗಳ ಒಂದನೇ ತಾರೀಖು ಬಂದೇ ಬರತ್ತೆ.

ಎರಡೂ ಕಡೆ ಕಾನೂನು ಇದೆ. ಯುಎಇಯಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಜಾರಿಯಲ್ಲಿದೆ. ಸಂಬಳ ಬ್ಯಾಂಕ್ ಮೂಲಕವೇ ಬರಬೇಕು, ತಡವಾದರೆ ಸರ್ಕಾರದ ಕಂಪ್ಯೂಟರಿಗೆ ಗೊತ್ತಾಗತ್ತೆ. ಫುಟ್‌ಬಾಲ್‌ನಲ್ಲಿ ಫಿಫಾ ನಿಯಮದ ಪ್ರಕಾರ ಕನಿಷ್ಠ ಎರಡು ತಿಂಗಳ ಸಂಬಳ ಬಾಕಿಯಾದರೆ, ಆಟಗಾರ ಕ್ಲಬ್‌ಗೆ 15 ದಿನದ ನೋಟಿಸ್ ಕೊಟ್ಟು, ಆಗಲೂ ದುಡ್ಡು ಬಾರದಿದ್ದರೆ ಒಪ್ಪಂದ ಮುರಿದುಕೊಂಡು ಹೋಗಬಹುದು. ಆದರೆ ಹಕ್ಕು ಇರೋದು ಒಂದು, ಅದನ್ನು ಬಳಸಿ ಎಲ್ಲಿಗೆ ಹೋಗೋದು ಅನ್ನೋದು ಇನ್ನೊಂದು. ಇಡೀ ಲೀಗೇ ನಿಂತಿರುವಾಗ ಪಕ್ಕದ ಕ್ಲಬ್‌ನಲ್ಲೂ ಕೆಲಸ ಇಲ್ಲ. ಒಂದು ಕಂಪನಿ ಬಿಟ್ಟರೆ ಇನ್ನೊಂದು ವೀಸಾ ಸಿಗದ ಪರಿಸ್ಥಿತಿ ಇದು.

ಕ್ಲಬ್‌ನ ಕಡೆಯ ವಾದವನ್ನೂ ಕೇಳಬೇಕು. ಪಂದ್ಯ ಇಲ್ಲ ಅಂದರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ, ಕೇಂದ್ರ ನಿಧಿಯ ಪಾಲು ಇಲ್ಲ. ಖರ್ಚಿನ ಪಟ್ಟಿಯಲ್ಲಿ ಸಂಬಳವೇ ದೊಡ್ಡ ಸಾಲು. ಜಮಾ ಸೊನ್ನೆ ಇರುವಾಗ ಖರ್ಚನ್ನು ಎಷ್ಟು ತಿಂಗಳು ಎಳೆಯಬೇಕು ಅನ್ನೋದು ಯಾವ ಮಾಲೀಕನಿಗಾದರೂ ಬರುವ ಪ್ರಶ್ನೆ. ಚೆನ್ನೈಯಿನ್, ಒಡಿಶಾ ಕ್ಲಬ್‌ಗಳೂ ಕೆಲಸ ನಿಲ್ಲಿಸಿದ್ದವು. ಮುಂಬೈ ಸಿಟಿಯಿಂದ ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಗುಂಪೇ ಡಿಸೆಂಬರ್‌ನಲ್ಲಿ ಹೊರಬಿತ್ತು. ಅಬುಧಾಬಿಯ ದುಡ್ಡು ಹಿಂದಿರುವ ಆ ಗುಂಪಿಗೂ ಈ ಲೆಕ್ಕ ಸರಿಹೋಗಲಿಲ್ಲ ಅಂದರೆ ಉಳಿದವರ ಕಷ್ಟ ಊಹಿಸಬಹುದು. ಹಾಗಿದ್ದರೂ ನಷ್ಟದ ಮೊದಲ ಹೊರೆ ಸಂಬಳದ ಮೇಲೇ ಬೀಳುವುದು ಯಾವ ಉದ್ಯಮದಲ್ಲೂ ಒಳ್ಳೆಯ ಲಕ್ಷಣ ಅಲ್ಲ.

ಜನವರಿ ಮೊದಲ ವಾರ ಆಟಗಾರರೇ ವಿಡಿಯೋ ಮಾಡಿ ಫಿಫಾ ಮಧ್ಯಪ್ರವೇಶಿಸಬೇಕು ಅಂತ ಬೇಡಿಕೊಂಡರು. ಅದರಲ್ಲಿ ಬೆಂಗಳೂರಿನ ಛೆಟ್ರಿ, ಗುರುಪ್ರೀತ್ ಸಿಂಗ್ ಸಂಧು ಇಬ್ಬರೂ ಇದ್ದರು. ಜನವರಿ 6ಕ್ಕೆ ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಲೀಗಿನ ದಿನಾಂಕ ಘೋಷಿಸಿದರು: 14 ಕ್ಲಬ್, 91 ಪಂದ್ಯ, ನಡೆಸಲು 25 ಕೋಟಿಯ ನಿಧಿ.

91 ಪಂದ್ಯ ಅಂದರೆ ಏನು?

14 ತಂಡಗಳು ಪರಸ್ಪರ ಒಂದೊಂದೇ ಸಲ ಆಡಿದರೆ ಸರಿಯಾಗಿ 91 ಪಂದ್ಯ. ಅಂದರೆ ಪ್ರತಿ ತಂಡಕ್ಕೆ 13. ಕಳೆದ ವರ್ಷ ತಲಾ 24 ಇತ್ತು, ಅದರಲ್ಲಿ 12 ಸ್ವಂತ ಮೈದಾನದಲ್ಲಿ. ಈ ಸಲ ಕಂಠೀರವಕ್ಕೆ ಸಿಗೋದು ಆರೋ ಏಳೋ. ಟಿಕೆಟ್ ಆದಾಯ ಅಲ್ಲೇ ಸುಮಾರು ಅರ್ಧಕ್ಕೆ ಇಳಿಯಿತು.

ಆಟದ ಲೆಕ್ಕವೂ ಬದಲಾಗತ್ತೆ. 24 ಪಂದ್ಯದಲ್ಲಿ ಒಟ್ಟು 72 ಪಾಯಿಂಟ್; ಒಂದು ಸೋಲು ಅಂದರೆ ನೂರಕ್ಕೆ ನಾಲ್ಕರಷ್ಟು ನಷ್ಟ. 13ರಲ್ಲಿ ಒಟ್ಟು 39. ಅದೇ ಸೋಲು ಈಗ ನೂರಕ್ಕೆ ಎಂಟರಷ್ಟು. ಕಳೆದ ವರ್ಷ ಬೆಂಗಳೂರು ಎಂಟು ಪಂದ್ಯ ಸೋತೂ ಫೈನಲ್ ಆಡಿತು, ಯಾಕಂದರೆ ಲೀಗ್ ಮುಗಿದ ಮೇಲೆ ಪ್ಲೇಆಫ್ ಇತ್ತು. ಈ ಸಲ 91ಕ್ಕೇ ಲೆಕ್ಕ ಮುಗಿಯತ್ತೆ. ಪಟ್ಟಿಯಲ್ಲಿ ಮೇಲಿದ್ದವರೇ ಚಾಂಪಿಯನ್. ಎರಡನೇ ಅವಕಾಶ ಇಲ್ಲ.

ಕಳೆದ ವರ್ಷದ ಸರಾಸರಿಯನ್ನೇ ಇಟ್ಟುಕೊಂಡು ನೋಡಿ. 38 ಪಾಯಿಂಟ್‌ನ ಬೆಂಗಳೂರು ಪಂದ್ಯಕ್ಕೆ ಸುಮಾರು 1.6 ತೆಗೆದಿತ್ತು, 13 ಪಂದ್ಯಕ್ಕೆ ಅದು 20-21 ಆಗತ್ತೆ. 56 ಪಾಯಿಂಟ್‌ನ ಮೋಹನ್ ಬಾಗಾನ್ ಪಂದ್ಯಕ್ಕೆ 2.3ಕ್ಕೂ ಸ್ವಲ್ಪ ಹೆಚ್ಚು. 13ಕ್ಕೆ ಸುಮಾರು 30. ಅಂತರ ಹತ್ತು ಪಾಯಿಂಟ್, ಅಂದರೆ ಮೂರು ಗೆಲುವು ಮತ್ತು ಒಂದು ಡ್ರಾ. ಚಿಕ್ಕ ಸೀಸನ್‌ನಲ್ಲಿ ಅದೃಷ್ಟಕ್ಕೂ ಜಾಗ ಹೆಚ್ಚು. ಮೊದಲ ಐದು ಪಂದ್ಯದಲ್ಲಿ ನಾಲ್ಕು ಗೆದ್ದರೆ ಚಿತ್ರವೇ ಬದಲಾಗಬಹುದು. ಆದರೆ ಮೊದಲ ಮೂರರಲ್ಲಿ ಎರಡು ಸೋತರೆ ಹಿಂದಿರುಗಿ ಬರಲು ದಾರಿ ಇಲ್ಲ. ತಿಂಗಳುಗಟ್ಟಲೆ ಲೀಗ್ ಪಂದ್ಯ ಆಡದೆ ಬಂದ ಕಾಲುಗಳಿಗೆ ಇದು ಸಣ್ಣ ಸವಾಲಲ್ಲ.

ಇನ್ನೊಂದು ತೊಡಕಿದೆ. ಏಷ್ಯಾ ಮಟ್ಟದ ಟೂರ್ನಿಗೆ ಹೋಗಬೇಕಾದರೆ ಕ್ಲಬ್ ಒಂದು ಸೀಸನ್‌ನಲ್ಲಿ ಕನಿಷ್ಠ 24 ಪಂದ್ಯ ಆಡಿರಬೇಕು ಅನ್ನೋದು ಎಎಫ್‌ಸಿ ನಿಯಮ. ಗೋವಾದಲ್ಲಿ ಅಕ್ಟೋಬರ್ ಕೊನೆಯಲ್ಲಿ ಶುರುವಾದ ಸೂಪರ್ ಕಪ್ ಪಂದ್ಯಗಳನ್ನು ಸೇರಿಸಿದರೂ ಬೆಂಗಳೂರಿಗೆ ಅಷ್ಟು ಆಗಲ್ಲ. ವಿನಾಯಿತಿ ಸಿಗದಿದ್ದರೆ ಲೀಗ್ ಗೆದ್ದರೂ ಆ ಬಾಗಿಲು ತೆರೆಯೋದು ಕಷ್ಟ.

ತಂಡದಲ್ಲಿ ಏನಿದೆ?

ಆಸ್ತಿ ಪಟ್ಟಿಯಲ್ಲಿ ಮೊದಲ ಹೆಸರು ಇವತ್ತಿಗೂ ಛೆಟ್ರಿಯೇ. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ಬೆಂಗಳೂರಿನ ಮುಖ ಅವರು. 2026ರ ಫೆಬ್ರವರಿಗೆ ವಯಸ್ಸು 41. ಕಳೆದ ಸೀಸನ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಎಲ್ಲರಿಗಿಂತ ಮುಂದಿದ್ದರು. ಇದು ಹೆಮ್ಮೆಯ ಮಾತು, ಜೊತೆಗೆ ಎಚ್ಚರಿಕೆಯ ಮಾತು ಕೂಡ. 41ರ ಆಟಗಾರನ ಗೋಲುಗಳ ಮೇಲೆ ನಿಂತ ತಂಡ ನಾಳೆಯ ಖರ್ಚಿಗೆ ದುಡ್ಡು ಎತ್ತಿಡದ ಮನೆಯ ಹಾಗೆ. ಗೋಲಿನ ಮುಂದೆ ಗುರುಪ್ರೀತ್, ಹಿಂಭಾಗದಲ್ಲಿ ರಾಹುಲ್ ಭೇಕೆ, ನಡುವೆ ಸುರೇಶ್ ಸಿಂಗ್ ಇರುವ ಬೆನ್ನೆಲುಬು ಗಟ್ಟಿಯಾಗಿದೆ. ಛೆಟ್ರಿ ನಂತರ ಯಾರು ಅನ್ನೋ ಪ್ರಶ್ನೆಗೆ ಮಾತ್ರ ಉತ್ತರ ಬಾಕಿ.

ಒಂದು ಹೊಸ ಲಾಭ ರಯಾನ್ ವಿಲಿಯಮ್ಸ್. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ, ತಾಯಿಯ ಕಡೆಯಿಂದ ಮುಂಬೈ ನಂಟಿರುವ ಈ ಆಟಗಾರ 2023ರಿಂದ ಬೆಂಗಳೂರಿನಲ್ಲಿದ್ದಾರೆ. 2025ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಭಾರತೀಯ ಪಾಸ್‌ಪೋರ್ಟ್ ಪಡೆದರು. ಅದನ್ನು ಅವರ ಕೈಗಿತ್ತವರು ಛೆಟ್ರಿ. ಮೈದಾನದಲ್ಲಿ ಒಂದು ಹೊತ್ತಿಗೆ ನಾಲ್ಕೇ ವಿದೇಶಿಯರು ಅನ್ನೋ ಮಿತಿ ಇರುವಾಗ, ಅವರು ಭಾರತೀಯರಾದರೆ ಆ ಜಾಗ ಇನ್ನೊಬ್ಬರಿಗೆ ಉಳಿಯತ್ತೆ. ಪಾಸ್‌ಪೋರ್ಟಿನ ಬೆಲೆ ಗೊತ್ತಿರುವ ಗಲ್ಫ್ ಕನ್ನಡಿಗರಿಗೆ ಆ ನಿರ್ಧಾರದ ತೂಕ ಬೇರೆ ಹೇಳಬೇಕಿಲ್ಲ.

ದೋಹಾ, ರಿಯಾದ್ ನೆನಪು

ಈ ತಂಡಕ್ಕೂ ಗಲ್ಫ್‌ಗೂ ಹಳೆಯ ಲೆಕ್ಕ ಇದೆ. 2016ರ ನವೆಂಬರ್ 5ರಂದು ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ಆಡಿದ್ದು ದೋಹಾದಲ್ಲಿ. ಇರಾಕಿನ ಏರ್ ಫೋರ್ಸ್ ಕ್ಲಬ್ ವಿರುದ್ಧ 1-0ಗೆ ಸೋತರೂ, ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. 2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ ಕರ್ನಾಟಕ ರಾಜ್ಯ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಮೈಸೂರು ರಾಜ್ಯವಾಗಿದ್ದ ಕಾಲದ ನಂತರ, 54 ವರ್ಷ ಕಾದು ಬಂದ ಕಪ್ ಅದು, ಅದೂ ಕನ್ನಡಿಗರು ದುಡಿಯುವ ಊರಿನಲ್ಲಿ. ಆ ಹುಡುಗರಂಥವರು ಮುಂದೆ ಹೋಗಬೇಕಾದ ದೊಡ್ಡ ಬಾಗಿಲು ಬೆಂಗಳೂರು ಎಫ್‌ಸಿಯಂಥ ಕ್ಲಬ್. ಆ ಬಾಗಿಲು ಮುಚ್ಚಿದರೆ ಊರಿನ ಮೈದಾನದಲ್ಲಿ ಬರಿಗಾಲಲ್ಲಿ ಆಡುವ ಹುಡುಗನಿಗೆ ಉಳಿಯೋದು ಮತ್ತೆ ವೀಸಾ ಏಜೆಂಟನ ಬಾಗಿಲೇ.

ಈ ಸಲದ ನಿರೀಕ್ಷೆ

ಹಾಗಾಗಿ ಅಭಿಮಾನಿ ಈ ಸೀಸನ್ನನ್ನು ಮೂರು ಸಾಲಿನಲ್ಲಿ ಅಳೆಯಬಹುದು. ಮೊದಲನೆಯದು, ಮೇಲಿನ ನಾಲ್ಕರಲ್ಲಿ ಸ್ಥಾನ. ಕಳೆದ ವರ್ಷದ ಆಟ ನೋಡಿದರೆ ಇದು ಅತಿಯಾಸೆ ಅಲ್ಲ. ಚಾಂಪಿಯನ್ ಪಟ್ಟ ಬಂದರೆ ಅದು ಬೋನಸ್. ಎರಡನೆಯದು, 13 ಪಂದ್ಯಗಳಲ್ಲಿ ಯುವ ಆಟಗಾರರಿಗೆ ಎಷ್ಟು ನಿಮಿಷ ಸಿಕ್ಕಿತು ಅನ್ನೋದು. ಸಂಬಳ ನಿಂತಾಗಲೂ ನಡೆಯುತ್ತಿದ್ದ ಯುವ ತಂಡಗಳ ಫಲ ಕಾಣಬೇಕಾದದ್ದು ಇಲ್ಲೇ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಈ 13 ಪಂದ್ಯ ಮುಗಿಯುವ ಹೊತ್ತಿಗೆ ಆಟಗಾರ, ಸಿಬ್ಬಂದಿ ಎಲ್ಲರ ಸಂಬಳ ಚುಕ್ತಾ ಆಗಿ, ಮುಂದಿನ ಸೀಸನ್ನಿಗೆ ಸಹಿಯಾದ ದೀರ್ಘ ಒಪ್ಪಂದ ಕೈಯಲ್ಲಿ ಇದೆಯೇ?

ಮೊದಲೆರಡು ಸಿಕ್ಕಿ ಮೂರನೆಯದು ಸಿಗದಿದ್ದರೆ, ಬರುವ ಜುಲೈಗೆ ಮತ್ತೆ ಇದೇ ಸುದ್ದಿ ಓದಬೇಕಾಗತ್ತೆ. 25 ಕೋಟಿಯ ನಿಧಿಯಿಂದ ಒಂದು ಸೀಸನ್ ದಾಟಬಹುದು, ಲೀಗ್ ಕಟ್ಟಲು ಆಗಲ್ಲ. ಆ ಕಾರಣಕ್ಕೆ ಈ ಸಲ ಸೋತ ರಾತ್ರಿ ಕೋಚನ್ನು ಬೈಯುವ ಮೊದಲು ಅಭಿಮಾನಿ ಕೇಳಬೇಕಾದ ಪ್ರಶ್ನೆ ಒಂದಿದೆ. ಗಲ್ಫ್‌ನ ರೂಮುಗಳಲ್ಲಿ ತಿಂಗಳ ಕೊನೆಗೆ ಒಬ್ಬರಿಗೊಬ್ಬರು ಕೇಳಿಕೊಳ್ಳುವ ಪ್ರಶ್ನೆಯೇ ಅದು: ಸಂಬಳ ಬಂತಾ?