ಹಾಜರಿ ಕರೆಯುವವರು ಯಾರು?

ಬರುವ ವರ್ಷಕ್ಕೆ ನಾವು ಕಾಲೇಜು ಬಿಟ್ಟು ಐವತ್ತು ವರ್ಷ. ಅಂದು ಒಟ್ಟಿಗೆ ಓದಿದವರೆಲ್ಲ ಒಂದು ದಿನ ಸೇರೋಣವೆಂದು ನಾಲ್ಕು ಜನ ಕುಳಿತು ತೀರ್ಮಾನಿಸಿದೆವು. ಊಟಕ್ಕೆ ಏನಿರಬೇಕೆಂಬುದು ಹತ್ತೇ ನಿಮಿಷದಲ್ಲಿ ಇತ್ಯರ್ಥವಾಯಿತು. ಯಾರು ಯಾರು ಎಲ್ಲಿದ್ದಾರೆಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು!

ನನ್ನ ಆಟೋಗ್ರಾಫ್ ಪುಸ್ತಕದಲ್ಲಿ ವಿಳಾಸಗಳೇನೋ ಇದ್ದವು. ಪಿನ್‌ಕೋಡ್ 1972ರಲ್ಲೇ ಬಂದಿದ್ದರೂ ಬರೆದವರು ಇಬ್ಬರೇ. ಉಳಿದವು ‘ಅಂಚೆ ಕಚೇರಿ ಹಿಂದೆ’, ‘ಮಾರಿಗುಡಿ ಬೀದಿ’ ಎಂಬಂಥವು. ಹುಡುಗಿಯರದೆಲ್ಲ ತವರಿನ ವಿಳಾಸ. ಮದುವೆಯಾದ ಮೇಲೆ ಕೆಲವರ ಹೆಸರೂ ಬದಲಾಗಿತ್ತು. ಒಬ್ಬಾಕೆ ಸಿಕ್ಕಿದ್ದು ಅವರ ಅಣ್ಣನ ದಿನಸಿ ಅಂಗಡಿಯಲ್ಲಿ ವಿಚಾರಿಸಿದ ಮೇಲೆ.

‘ವಾಟ್ಸ್‌ಆ್ಯಪ್ ಗುಂಪು ಮಾಡಿ ತಾತ, ಮುಗೀತು’ ಎಂದ ಮೊಮ್ಮಗ. ಮಾಡಿದೆವು. ಬೆಳಗಾದರೆ ಸೂರ್ಯೋದಯ, ಹೂವು, ‘ಶುಭೋದಯ’. ಒಬ್ಬ ಗೆಳೆಯ ಸುಮ್ಮನಾಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಒಂದು ದಿನ ಅನುಮಾನ ಬಂದು ಫೋನು ಮಾಡಿದೆ. ಹೆಂಡತಿ ತೀರಿಕೊಂಡು ತಿಂಗಳಾಗಿತ್ತಂತೆ. ಆ ತಿಂಗಳೆಲ್ಲ ನಾವು ಅವನಿಗೆ ಹೂವಿನ ಚಿತ್ರ ಕಳಿಸಿದ್ದೆವು.

ಅಂದಿನಿಂದ ಪದ್ಧತಿ ಬದಲಾಯಿಸಿದೆವು. ಒಬ್ಬೊಬ್ಬರಿಗೆ ಐದೈದು ಹೆಸರು. ತಿಂಗಳಿಗೊಮ್ಮೆ ಅವರೊಡನೆ ಮಾತಾಡಲೇಬೇಕು. ಕಿವಿ ಮಂದವಾದವರಿಗೆ ಕಾಗದ ಬರೆಯಬೇಕು. ಪ್ರಯಾಣ ಆಗದವರನ್ನು ಹತ್ತಿರದ ಊರಿನವರು ಹೋಗಿ ನೋಡಬೇಕು. ಇನ್ನೂ ಒಂದು ತೊಡಕಿತ್ತು. ‘ನಾನೇನು ಸಾಧಿಸಿದ್ದೇನೆಂದು ಬರಲಿ?’ ಎಂದು ಹಿಂಜರಿದವರಿದ್ದರು. ಅದಕ್ಕೇ ಆಹ್ವಾನ ಪತ್ರದಲ್ಲಿ ಹುದ್ದೆ, ಬಿರುದು ಯಾವುದೂ ಬೇಡ, ಹೆಸರು ಮತ್ತು ರೋಲ್ ನಂಬರ್ ಸಾಕೆಂದು ನಿರ್ಧರಿಸಿದೆವು.

ಅಮೆರಿಕದ ಕಾಲೇಜುಗಳಲ್ಲಿ ಈ ಕೆಲಸಕ್ಕೆ ಪ್ರತಿ ತಂಡಕ್ಕೂ ಒಬ್ಬ ಕಾರ್ಯದರ್ಶಿ ಇರುವ ರೂಢಿಯುಂಟು. ಹಾರ್ವರ್ಡ್‌ನಲ್ಲಿ ಐದು ವರ್ಷಕ್ಕೊಮ್ಮೆ ಸಹಪಾಠಿಗಳು ತಾವೇ ಬರೆದ ಸುದ್ದಿಗಳ ಪುಸ್ತಕ ಬರುತ್ತದೆ. ಕೆಂಪು ರಟ್ಟಿನದಾದ್ದರಿಂದ ಅದು ‘ರೆಡ್ ಬುಕ್’. ಅಲ್ಲಿಯ 268 ವಿದ್ಯಾರ್ಥಿಗಳ ಬದುಕನ್ನು 1938ರಿಂದ ದಶಕಗಟ್ಟಲೆ ಗಮನಿಸಿದ ಅಧ್ಯಯನವೂ ಪ್ರಸಿದ್ಧ. ಬಾಸ್ಟನ್‌ನ ಬಡ ಬಡಾವಣೆಗಳ ಹುಡುಗರನ್ನೂ ಮುಂದೆ ಅದಕ್ಕೆ ಸೇರಿಸಿಕೊಂಡರು. ಐವತ್ತರ ವಯಸ್ಸಿನಲ್ಲಿ ತಮ್ಮ ನಂಟು, ಸ್ನೇಹಗಳಲ್ಲಿ ತೃಪ್ತಿ ಕಂಡವರು ಎಂಬತ್ತರಲ್ಲೂ ಹೆಚ್ಚು ಆರೋಗ್ಯವಾಗಿದ್ದರು ಎಂಬುದು ಅದರಿಂದ ತಿಳಿದುಬಂದ ಸಂಗತಿ.

ಈ ವರ್ಷ ಕಾಲೇಜು ಬಿಡುವ ಮಕ್ಕಳೇ, ಬೀಳ್ಕೊಡುಗೆಯ ದಿನ ಫೋಟೋ ಧಾರಾಳವಾಗಿ ತೆಗೆದುಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಹೆಸರು, ಊರಿನ ಮನೆಯ ವಿಳಾಸ, ಮನೆಯ ಹಿರಿಯರೊಬ್ಬರ ನಂಬರು ಬರೆಸಿಕೊಳ್ಳಿ. ನಿಮ್ಮ ನಂಬರು ಬದಲಾಗಬಹುದು, ಊರ ಮನೆ ಅಷ್ಟು ಬೇಗ ಬದಲಾಗದು. ಆ ಪುಸ್ತಕ ಯಾರ ಬಳಿ ಇರಬೇಕೆಂದು ಅಂದೇ ತೀರ್ಮಾನಿಸಿ.

ತಂದೆತಾಯಂದಿರಿಗೂ ಒಂದು ಮಾತು. ಮನೆಯ ಹಿರಿಯರಿಗೆ ಹಳೆಯ ಸಹಪಾಠಿಯ ಫೋನು ಬಂದರೆ ‘ಮಲಗಿದ್ದಾರೆ’ ಎಂದು ಇಟ್ಟುಬಿಡಬೇಡಿ. ಎಬ್ಬಿಸಿ ಕೊಡಿ. ನಿದ್ದೆ ಮತ್ತೆ ಬರುತ್ತದೆ.

ಸಮಾವೇಶದ ದಿನ ಮೊದಲು ಹಾಜರಿ. ತೀರಿಕೊಂಡವರ ಹೆಸರನ್ನೂ ಕರೆಯುತ್ತೇವೆ. ಬರುವುದೇ ಇಲ್ಲ ಎನ್ನುತ್ತಿದ್ದ ಆ ಗೆಳೆಯ ಮೊನ್ನೆ ತಾನೇ ಫೋನು ಮಾಡಿ, ಊಟಕ್ಕೆ ಹೋಳಿಗೆ ಇದೆಯೇ ಎಂದು ಕೇಳಿದ.