ಬೈಗಳು ಯಾರಿಗೆ ಸಲ್ಲಬೇಕು?



ಕಳೆದ ಮಳೆಗಾಲ ಮುಂಡರಗಿಯಿಂದ ಶಿರಹಟ್ಟಿಗೆ ಹೋಗುವಾಗ ನಮ್ಮ ಜೀಪು, ಡ್ರೈವರ್ ಕಾಲು ತೆಗೆದರೂ ಓಡತೊಡಗಿತು. ಅವನನ್ನು ಬಾಯಿಗೆ ಬಂದಂತೆ ಬೈದೆ. ನಿಂತ ಮೇಲೆ ನೋಡಿದರೆ, ಎರೆಮಣ್ಣಿನ ಕೆಸರಿಗೆಂದು ನಾನೇ ಹಾಸಿದ್ದ ಗೋಣಿಚೀಲ ಆಕ್ಸಿಲರೇಟರನ್ನು ಒತ್ತಿ ಹಿಡಿದಿತ್ತು! 2009ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಮಾದರಿಯ ಕಾರಿನ ಚಾಪೆ ಹೀಗೆಯೇ ಪೆಡಲಿಗೆ ಸಿಕ್ಕಿ ನಾಲ್ವರು ಸತ್ತರು. ಟೊಯೋಟಾ ಕಂಪನಿ ಹತ್ತಾರು ಲಕ್ಷ ಕಾರುಗಳನ್ನು ದುರಸ್ತಿಗೆ ಕರೆಯಬೇಕಾಯಿತು.

ಬ್ರೇಕನ್ನು ಪದೇ ಪದೇ ತುಳಿಯಬಾರದು. ಪೆಟ್ರೋಲ್ ಗಾಡಿಯಲ್ಲಿ ಅದಕ್ಕೆ ನೆರವಾಗುವ ನಿರ್ವಾತ ಖರ್ಚಾಗಿ ಪೆಡಲು ಕಲ್ಲಾಗುತ್ತದೆ. ಒಂದೇ ಸಲ ಬಲವಾಗಿ ತುಳಿದು ಹಿಡಿಯಬೇಕು, ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಎಂಜಿನ್ ಅರಚಿದರೆ ಅರಚಲಿ. ಓಡುವಾಗ ಕೀಲಿ ಕಿತ್ತರೆ ಸ್ಟಿಯರಿಂಗ್ ಬಿಗಿಯುತ್ತದೆ. ಅದು ಗಾಡಿ ನಿಂತ ಮೇಲಿನ ಕೆಲಸ.

ಮಾಲು ಹೇರಿ ಕಳಿಸುವ ಮುನ್ನ ನಿಮ್ಮ ಡ್ರೈವರಿಗೆ ಇಷ್ಟನ್ನು ದಯವಿಟ್ಟು ತಿಳಿಸಿರಿ. ನಮ್ಮ ಗೋಣಿಚೀಲ ಈಗ ದನದ ಕೊಟ್ಟಿಗೆಯಲ್ಲಿದೆ.

— ಕಾರ್ಯದರ್ಶಿ